ಹೊಳೆ ಎಷ್ಟು ಬೇಗ ಏರುತ್ತಿದೆ?

ಮಳೆಗಾಲದಲ್ಲಿ ಪತ್ರಿಕೆಯ ಒಳಪುಟದಲ್ಲಿ ದಿನವೂ ಒಂದು ಸಣ್ಣ ಪಟ್ಟಿ ಇರುತ್ತದೆ. ಜಲಾಶಯದ ಹೆಸರು, ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕಾರವಾರದ ಕಡೆಯವರ ಕಣ್ಣು ಅದರಲ್ಲಿ ಸೂಪಾ, ಕೊಡಸಳ್ಳಿ, ಕದ್ರಾಗಳನ್ನು ಹುಡುಕುತ್ತದೆ. ಕದ್ರಾದ ಗೇಟು ಎತ್ತಿದರೆ ಕೆಳಗಿನ ಕಾಳಿ ದಂಡೆಯ ಮನೆಗಳಿಗೆ ಏನಾಗುತ್ತದೆ ಎಂಬುದನ್ನು 2019ರ ಆಗಸ್ಟ್‌ನಲ್ಲಿ ಅವರು ಕಂಡಿದ್ದಾರೆ.

ಈ ಪಟ್ಟಿಯಲ್ಲಿ ಒಂದು ಸಂಖ್ಯೆ ಉಳಿದವುಗಳ ಹಾಗಲ್ಲ. ನೀರಿನ ಮಟ್ಟವನ್ನು ಅಳತೆಪಟ್ಟಿ ನೋಡಿ ಓದಬಹುದು. ಗೇಟು ಎಷ್ಟು ಎತ್ತಿದೆ, ಟರ್ಬೈನಿಗೆ ಎಷ್ಟು ನೀರು ಹೋಯಿತು ಎಂಬುದರಿಂದ ಹೊರಹರಿವು ಸಿಗುತ್ತದೆ. ಒಳಹರಿವಿಗೆ ಅಂಥ ದಾರಿ ಇಲ್ಲ. ಕಾಡಿನ ಹಳ್ಳಗಳು, ಹೆಸರಿಲ್ಲದ ತೊರೆಗಳು, ಗುಡ್ಡದ ಮೈಮೇಲಿಂದ ಇಳಿಯುವ ನೀರು ಜಲಾಶಯವನ್ನು ಸುತ್ತಲಿಂದಲೂ ಸೇರುತ್ತಿರುತ್ತವೆ. ಅಷ್ಟನ್ನೂ ನಿಂತು ಅಳೆಯುವುದು ಯಾರಿಂದಲೂ ಆಗದ ಕೆಲಸ. ಹಾಗಾಗಿ ಸಾಮಾನ್ಯವಾಗಿ ಒಳಹರಿವನ್ನು ಲೆಕ್ಕದಿಂದಲೇ ತೆಗೆಯುತ್ತಾರೆ. ನಿನ್ನೆಯಿಂದ ಇಂದಿಗೆ ಜಲಾಶಯದ ನೀರು ಅರ್ಧ ಟಿಎಂಸಿ ಹೆಚ್ಚಿತು, ಅಷ್ಟೂ ಹೊತ್ತು ಸರಾಸರಿ 10,000 ಕ್ಯೂಸೆಕ್ ಹೊರಬಿಟ್ಟಿದ್ದರು ಎಂದಿಟ್ಟುಕೊಳ್ಳಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ದಿನದ 86,400 ಸೆಕೆಂಡುಗಳಲ್ಲಿ ಅಷ್ಟು ನೀರು ಕೂಡಬೇಕಾದರೆ ಸೆಕೆಂಡಿಗೆ ಸುಮಾರು 11,574 ಘನ ಅಡಿ ಬರಬೇಕು. ಅರ್ಧ ಟಿಎಂಸಿಗೆ 5,787. ಹೊರಬಿಟ್ಟದ್ದನ್ನೂ ಸೇರಿಸಿದರೆ ಒಳಹರಿವು ಸುಮಾರು 15,800 ಕ್ಯೂಸೆಕ್.

ಇಷ್ಟರಲ್ಲಿ ನಾವು ಒಂದು ಅವಕಲ ಸಮೀಕರಣವನ್ನು ಬಿಡಿಸಿ ಮುಗಿಸಿದೆವು. ಸಂಗ್ರಹ ಬದಲಾಗುವ ದರವೆಂದರೆ ಒಳಹರಿವಿನಿಂದ ಹೊರಹರಿವನ್ನು ಕಳೆದು ಉಳಿಯುವಷ್ಟು. ಇದೇ ಆ ಸಮೀಕರಣ. ಸಾಮಾನ್ಯ ಸಮೀಕರಣ ಒಂದು ವಸ್ತು ಎಷ್ಟಿದೆ ಎಂದು ಹೇಳುತ್ತದೆ. ಅವಕಲ ಸಮೀಕರಣ ಅದು ಈ ಗಳಿಗೆಯಲ್ಲಿ ಎಷ್ಟು ಬೇಗ ಬದಲಾಗುತ್ತಿದೆ ಎಂದು ಹೇಳುತ್ತದೆ. ಗಳಿಗೆಯ ವೇಗ ಎಂಬ ವಿಚಾರ ನಮ್ಮಲ್ಲಿ ಹಳೆಯದು. ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯನ್ನು ಲೆಕ್ಕ ಹಾಕಿದ್ದರು. ಅದನ್ನು ಪೂರ್ಣ ಪ್ರಮಾಣದ ಶಾಸ್ತ್ರವಾಗಿ ಕಟ್ಟಿದವರು 17ನೇ ಶತಮಾನದ ನ್ಯೂಟನ್ ಮತ್ತು ಲೈಬ್ನಿಟ್ಸ್. ಈಗ ದ್ವಿತೀಯ ಪಿಯುಸಿಯ ಗಣಿತದಲ್ಲಿ ಅವಕಲ ಸಮೀಕರಣಗಳಿಗೇ ಒಂದು ಅಧ್ಯಾಯವಿದೆ. ಮಕ್ಕಳು ಅದರ ಲೆಕ್ಕಗಳನ್ನು ಅಂಕಕ್ಕಾಗಿ ಚೆನ್ನಾಗಿಯೇ ಬಿಡಿಸುತ್ತಾರೆ. ಆ ಗುರುತುಗಳ ಹಿಂದೆ ತಮ್ಮ ಊರಿನ ಹೊಳೆ ಇದೆ ಎಂಬುದನ್ನು ಯಾರಾದರೂ ಅವರಿಗೆ ಹೇಳಿದರೆ, ಆ ಅಧ್ಯಾಯ ಪರೀಕ್ಷೆ ಮುಗಿದ ಮೇಲೂ ನೆನಪಿನಲ್ಲಿ ಉಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಕಾಳಿಯಿಂದ ದಕ್ಷಿಣಕ್ಕೆ ಬಂದರೆ ಗಂಗಾವಳಿ. ಅಂಕೋಲಾ ತಾಲ್ಲೂಕಿನ ಹಿಲ್ಲೂರು ಈ ಹೊಳೆಯ ಕಣಿವೆಯ ಊರು. ಗಂಗಾವಳಿ ಹುಟ್ಟುವುದು ದೂರದ ಧಾರವಾಡದ ಸೀಮೆಯಲ್ಲಿ. ಘಟ್ಟದ ಮೇಲೆ ಅದರ ಹೆಸರು ಬೇಡ್ತಿ. ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಕಾಡಿನ ಕಣಿವೆ ಹಿಡಿದು, ಅಂಕೋಲಾದ ಗದ್ದೆ ತೋಟಗಳ ನಡುವೆ ಹಾದು, ಸುಮಾರು 160 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಹುಟ್ಟುವ ಕಡೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ, ಸೇರುವ ಕಡೆ 3,000 ಮಿ.ಮೀ.ಗೂ ಹೆಚ್ಚು. ಬೇಡ್ತಿಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆಯನ್ನು ಶಿರಸಿ, ಯಲ್ಲಾಪುರ ಭಾಗದ ಜನರ ವಿರೋಧದ ನಂತರ 1980ರ ದಶಕದಲ್ಲಿ ಕೈಬಿಟ್ಟರು. ಹಾಗಾಗಿ ಕಾಳಿಯಂತೆ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜಲಾಶಯಗಳಿಲ್ಲ, ಪತ್ರಿಕೆಯ ಪಟ್ಟಿಯಲ್ಲಿ ಗಂಗಾವಳಿಗೆ ಸಾಲೂ ಇಲ್ಲ. ಘಟ್ಟದಲ್ಲಿ ಬಿದ್ದ ಮಳೆ ಯಾವ ಗೇಟಿನ ಹಂಗೂ ಇಲ್ಲದೆ ನೇರವಾಗಿ ಇಳಿಯುತ್ತದೆ. 2019ರ ಆಗಸ್ಟ್‌ನ ಆಶ್ಲೇಷಾ ಮಳೆಯಲ್ಲಿ ಹಾಗೆ ಇಳಿಯಿತು. 2021ರ ಜುಲೈನ ಪುಷ್ಯ ಮಳೆಯಲ್ಲಿ ಮತ್ತೆ ಇಳಿದು ಯಲ್ಲಾಪುರದ ಗುಳ್ಳಾಪುರ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಕಳಚೆಯಲ್ಲಿ ಗುಡ್ಡ ಕುಸಿದದ್ದೂ ಆಗಲೇ.

ಇಂಥ ರಾತ್ರಿಗಳಲ್ಲಿ ಹೊಳೆದಂಡೆಯ ಮನೆಯವರು ಕೇಳಿಕೊಳ್ಳುವ ಪ್ರಶ್ನೆ ‘ನೀರು ಎಷ್ಟಿದೆ’ ಎಂಬುದಕ್ಕಿಂತ ‘ಎಷ್ಟು ಬೇಗ ಏರುತ್ತಿದೆ’ ಎಂಬುದೇ. ಅಂಗಳದ ಅಂಚಿಗೆ ಕೋಲು ನೆಟ್ಟು, ಗಂಟೆಗೊಮ್ಮೆ ಬ್ಯಾಟರಿ ಬಿಟ್ಟು ನೋಡಿ, ಏರುವ ರಭಸ ಕಂಡು ದನಗಳ ಕಣ್ಣಿ ಬಿಚ್ಚುತ್ತಾರೆ. ಮಟ್ಟ ಒಂದೇ ಇದ್ದರೂ ಗಂಟೆಗೆ ಗೇಣು ಏರುವ ಹೊಳೆ ಬೇರೆ, ಗಂಟೆಗೆ ಮೊಳ ಏರುವ ಹೊಳೆ ಬೇರೆ. ಹೊಳೆಯ ಗಣಿತವೂ ಹೊರಡುವುದು ಈ ರಭಸದಿಂದಲೇ.

ಅದನ್ನು ಒಂದು ಹಳ್ಳದಿಂದ ಶುರುಮಾಡೋಣ. ಘಟ್ಟದ ಬುಡದಲ್ಲಿ ಗಂಗಾವಳಿ ಸೇರುವ ಒಂದು ಹಳ್ಳವಿದೆ, ಅದಕ್ಕೆ ನೀರು ಹರಿದುಬರುವ ಪ್ರದೇಶ 36 ಚದರ ಕಿಲೋಮೀಟರ್ ಎಂದುಕೊಳ್ಳಿ. ಹಳ್ಳ ಕಲ್ಪನೆಯದು, ಲೆಕ್ಕ ನಿಜದ್ದು. ಮೂರು ವಾರ ಮಳೆ ಸುರಿದು ನೆಲ ನೀರು ಕುಡಿದು ತಣಿದಿದೆ, ಇನ್ನು ಬಿದ್ದದ್ದೆಲ್ಲ ಹರಿಯಬೇಕು. ಗಂಟೆಗೆ 10 ಮಿ.ಮೀ. ಮಳೆ ಹಿಡಿದರೆ 36 ಚದರ ಕಿ.ಮೀ. ಮೇಲೆ ಗಂಟೆಗೆ 3,60,000 ಘನ ಮೀಟರ್ ನೀರು ಬಿದ್ದಂತೆ. ಸೆಕೆಂಡಿಗೆ ಸರಿಯಾಗಿ 100 ಘನ ಮೀಟರ್. ಆದರೆ ಮಳೆ ಶುರುವಾದ ಕೂಡಲೇ ಹಳ್ಳದ ಬಾಯಲ್ಲಿ 100 ಘನ ಮೀಟರ್ ಹರಿಯುವುದಿಲ್ಲ. ನೀರು ಮೊದಲು ಇಳಿಜಾರಿನಲ್ಲಿ, ತರಗೆಲೆಯ ನಡುವೆ, ಗದ್ದೆಯ ಹಾಳಿಯೊಳಗೆ, ಹಳ್ಳದ ಪಾತ್ರದಲ್ಲಿ ತುಂಬಿಕೊಳ್ಳಬೇಕು. ಇಡೀ ಜಲಾನಯನ ಪ್ರದೇಶ ಬುಡದಲ್ಲಿ ತೂತಿರುವ ಒಂದು ಹಂಡೆಯ ಹಾಗೆ ವರ್ತಿಸುತ್ತದೆ: ಒಳಗೆ ಎಷ್ಟು ಹೆಚ್ಚು ನೀರಿದೆಯೋ ಅಷ್ಟು ಜೋರಾಗಿ ಹೊರಗೆ ಹರಿಯುತ್ತದೆ. ನಿಂತ ನೀರು ಹರಿವಿನ ಐದು ಗಂಟೆಯಷ್ಟು ಎಂಬ ಸರಳ ಅನುಪಾತವನ್ನು ಹಿಡಿದರೆ ನಮ್ಮ ಸಮೀಕರಣ ಹೀಗಾಗುತ್ತದೆ: ಹರಿವು ಒಂದು ಗಂಟೆಯಲ್ಲಿ ಹೆಚ್ಚುವ ಪ್ರಮಾಣವೆಂದರೆ, ಬರುತ್ತಿರುವ ನೀರಿಗೂ ಹೋಗುತ್ತಿರುವ ನೀರಿಗೂ ಇರುವ ವ್ಯತ್ಯಾಸದ ಐದನೇ ಒಂದು ಭಾಗ.

ಈಗ ಕಾಗದ ಪೆನ್ಸಿಲ್ ತೆಗೆದುಕೊಂಡರೆ ಸಾಕು. ಮೊದಲಿಗೆ ಹೆಚ್ಚುವರಿ ಹರಿವು ಸೊನ್ನೆ. 100ರಲ್ಲಿ ಸೊನ್ನೆ ಕಳೆದು ಐದರಿಂದ ಭಾಗಿಸಿದರೆ 20. ಒಂದು ಗಂಟೆಯ ಕೊನೆಗೆ ಹರಿವು 20 ಘನ ಮೀಟರ್. 100ರಲ್ಲಿ 20 ಕಳೆದರೆ 80, ಅದರ ಐದನೇ ಒಂದು ಭಾಗ 16. ಎರಡನೇ ಗಂಟೆಗೆ 36. ಹೀಗೆಯೇ ಮೂರನೆಯದಕ್ಕೆ 48.8, ನಾಲ್ಕನೆಯದಕ್ಕೆ 59, ಐದನೆಯದಕ್ಕೆ 67.2. ಮೊದಲು ರಭಸ, ಆಮೇಲೆ ನಿಧಾನ. ಆರನೇ ಗಂಟೆಗೆ 73.8 ಆದಾಗ ಮಳೆ ನಿಂತಿತು ಎನ್ನಿ. ಅಲ್ಲಿಂದ ಹರಿವು ಗಂಟೆಗೆ ಐದನೇ ಒಂದು ಭಾಗದಂತೆ ಇಳಿಯುತ್ತದೆ: 59, 47.2, 37.8. ಏರುವಾಗ ಅವಸರ, ಇಳಿಯುವಾಗ ಉದ್ದನೆಯ ಬಾಲ. ನೆರೆ ಕಂಡವರೆಲ್ಲರಿಗೂ ಈ ಆಕಾರ ಪರಿಚಿತ. ಆರು ಗಂಟೆ ಮಳೆಗೆ ಏರಿದ ಹಳ್ಳ ಪೂರ್ತಿ ಇಳಿಯಲು ಒಂದು ದಿನ ಹಿಡಿಯುವುದು ಇದೇ ಕಾರಣಕ್ಕೆ.

ಗಂಟೆಗೊಂದು ಹೆಜ್ಜೆ ಇಡುವ ಈ ವಿಧಾನವನ್ನು ಸ್ವಿಸ್ ಗಣಿತಜ್ಞ ಆಯ್ಲರ್ 1768ರಲ್ಲಿ ಪ್ರಕಟಿಸಿದ. ಇದರಲ್ಲಿ ಒಂದು ಕೊರತೆಯಿದೆ. ಒಂದು ಗಂಟೆಯೊಳಗೆ ಹರಿವು ಏರುವ ರಭಸ ಬದಲಾಗುವುದೇ ಇಲ್ಲ ಎಂದು ನಾವು ಹಿಡಿದೆವು, ಹೊಳೆ ಹಾಗೆ ಗಂಟೆ ಹೊಡೆಯುವವರೆಗೆ ಕಾಯುವುದಿಲ್ಲ. ಅರ್ಧ ಗಂಟೆಗೊಂದು ಹೆಜ್ಜೆ ಇಟ್ಟರೆ ಐದನೇ ಗಂಟೆಯ ಹರಿವು 67.2ರ ಬದಲು 65.1 ಬರುತ್ತದೆ. ಆರು ನಿಮಿಷಕ್ಕೊಂದು ಹೆಜ್ಜೆ ಇಟ್ಟರೆ 63.6. ಹೆಜ್ಜೆ ಕಿರಿದಾದಷ್ಟೂ ಉತ್ತರ 63.2ರ ಹತ್ತಿರ ಹತ್ತಿರ ಹೋಗುತ್ತದೆ, ಅದನ್ನು ದಾಟುವುದಿಲ್ಲ. ಕಲನಶಾಸ್ತ್ರ ನೇರವಾಗಿ ಕೊಡುವ ಉತ್ತರ ಈ 63.2. ಹವಾಮಾನ ಕೇಂದ್ರದ ಸೂಪರ್‌ಕಂಪ್ಯೂಟರಿನಲ್ಲಿ ನಡೆಯುವುದೂ ಬುಡದಲ್ಲಿ ಇದೇ ರೀತಿಯ ಕೆಲಸ, ಹೆಜ್ಜೆಗಳು ಇನ್ನಷ್ಟು ಜಾಣತನದವು, ಸಂಖ್ಯೆಗಳು ಕೋಟಿಗಟ್ಟಲೆ.

ಹಳ್ಳದಿಂದ ದೊಡ್ಡ ಹೊಳೆಗೆ ಬಂದರೆ ಈ ಲೆಕ್ಕ ಸಾಲದು. ಹಳ್ಳಕ್ಕೆ ‘ಎಷ್ಟು ನೀರು’ ಎಂಬ ಒಂದೇ ಸಂಖ್ಯೆ ಸಾಕಾಯಿತು. ಹೊಳೆಯಲ್ಲಿ ನೀರು ಯಾವ ಗಳಿಗೆಯಲ್ಲಿ ಎಲ್ಲಿದೆ ಎಂಬುದೂ ಬೇಕು. ಗುಳ್ಳಾಪುರದಲ್ಲಿ ಏರಿದ ಹೊತ್ತಿಗೆ ಹಿಲ್ಲೂರಿನಲ್ಲಿ ಏರಿರುವುದಿಲ್ಲ. ಕಾಲದ ಜೊತೆಗೆ ಜಾಗವನ್ನೂ ಹಿಡಿಯುವ ಸಮೀಕರಣಗಳನ್ನು ಫ್ರಾನ್ಸಿನ ಎಂಜಿನಿಯರ್ ಸಾಂ-ವೆನಾಂ 1871ರಲ್ಲಿ ಬರೆದ. ಆಗ ಅವನಿಗೆ ಎಪ್ಪತ್ತು ದಾಟಿತ್ತು. ಅವು ಎರಡೇ ಸಮೀಕರಣಗಳು. ಮೊದಲನೆಯದು ನಮ್ಮ ಜಲಾಶಯದ ಲೆಕ್ಕವೇ, ಹೊಳೆಯ ಒಂದೊಂದು ತುಂಡಿಗೂ ಅನ್ವಯಿಸಿದ್ದು: ನೀರು ಎಲ್ಲಿಯೂ ಹುಟ್ಟುವುದಿಲ್ಲ, ಎಲ್ಲಿಯೂ ಮಾಯವಾಗುವುದಿಲ್ಲ. ಎರಡನೆಯದು ನ್ಯೂಟನ್ನನ ನಿಯಮ. ಇಳಿಜಾರು ನೀರನ್ನು ಮುಂದಕ್ಕೆ ಎಳೆಯುತ್ತದೆ, ತಳ ಮತ್ತು ದಂಡೆಯ ಘರ್ಷಣೆ ಹಿಡಿದು ನಿಲ್ಲಿಸುತ್ತದೆ, ಮುಂದಿನ ನೀರಿನ ಎತ್ತರ ಹಿಂದಕ್ಕೆ ಒತ್ತುತ್ತದೆ. ಈ ಎಲ್ಲ ಬಲಗಳ ಮೊತ್ತದಷ್ಟು ನೀರಿನ ಸಂವೇಗ ಬದಲಾಗುತ್ತದೆ. ಇಂದಿಗೂ ಜಗತ್ತಿನ ನೆರೆ ಮುನ್ಸೂಚನೆಯ ಬಹುಪಾಲು ಮಾದರಿಗಳ ಒಳಗಿರುವುದು ಈ ಎರಡು ಸಮೀಕರಣಗಳು, ಇಲ್ಲವೇ ಅವುಗಳ ಸರಳ ರೂಪಗಳು.

ಇವುಗಳಿಂದ ಹೊರಡುವ ಒಂದು ಫಲಿತಾಂಶ ಹೊಳೆದಂಡೆಯವರೆಲ್ಲ ತಿಳಿದಿರಬೇಕಾದದ್ದು. ನೆರೆಯ ಅಲೆ ನೀರಿಗಿಂತ ವೇಗವಾಗಿ ಚಲಿಸುತ್ತದೆ. ಅಗಲವಾದ ಪಾತ್ರದಲ್ಲಿ, ನೀರು ದಂಡೆಯೊಳಗೇ ಇರುವಷ್ಟು ಹೊತ್ತು, ಅಲೆಯ ವೇಗ ನೀರಿನ ವೇಗದ ಸುಮಾರು ಮೂರರಲ್ಲಿ ಐದು ಪಟ್ಟು, ಅಂದರೆ ಒಂದು ಪಟ್ಟು ಮತ್ತು ಮೂರನೇ ಎರಡರಷ್ಟು. ಅಮೆರಿಕದ ಎಂಜಿನಿಯರ್ ಜೇಮ್ಸ್ ಸೆಡನ್ 1900ರಲ್ಲಿ ಮಿಸೌರಿ, ಮಿಸಿಸಿಪ್ಪಿ ನದಿಗಳ ಅಳತೆಗಳಿಂದ ಈ ಬಗೆಯ ನಿಯಮವನ್ನು ತೋರಿಸಿದ. ಹೊಳೆಯಲ್ಲಿ ತೇಲಿ ಬರುವ ಮರದ ದಿಮ್ಮಿ ಸೆಕೆಂಡಿಗೆ ಒಂದೂವರೆ ಮೀಟರ್ ಸಾಗುತ್ತಿದ್ದರೆ ನೆರೆಯ ಏರು ಸೆಕೆಂಡಿಗೆ ಎರಡೂವರೆ ಮೀಟರ್ ಸಾಗುತ್ತಿರುತ್ತದೆ, ಗಂಟೆಗೆ 9 ಕಿಲೋಮೀಟರ್. ಮೇಲಿನ ಸೇತುವೆ 36 ಕಿ.ಮೀ. ದೂರವಿದ್ದರೆ ಅಲ್ಲಿಯ ನೀರು ಬರಲು ಆರೂವರೆ ಗಂಟೆಗೂ ಹೆಚ್ಚು ಬೇಕು, ಅಲ್ಲಿಯ ನೆರೆ ಬರಲು ನಾಲ್ಕೇ ಗಂಟೆ. ಕೆಸರು ನೀರು, ತೇಲುವ ಕಸ ಬರುವ ಮೊದಲೇ ಮಟ್ಟ ಏರಲು ಶುರುವಾಗಿರುತ್ತದೆ. ಕಟ್ಟಿಗೆ ತೇಲಿ ಬಂದ ಮೇಲೆ ಹೊರಡೋಣ ಎಂದು ಕಾಯುವುದು ಸರಿಯಲ್ಲ.

ಘರ್ಷಣೆಯ ಮಾತು ಬಂತು. ಮಾದರಿ ಕಟ್ಟುವವರಿಗೆ ಅತಿ ಹೆಚ್ಚು ತಲೆನೋವು ಕೊಡುವುದು ಅದೇ. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರವನ್ನೇ ಇಂದಿಗೂ ಬಳಸುತ್ತಾರೆ. ಅದರಲ್ಲಿ ಹೊಳೆಪಾತ್ರದ ಒರಟುತನಕ್ಕೆ ಒಂದು ಸಂಖ್ಯೆ ಇದೆ. ಸ್ವಚ್ಛವಾದ ನೇರ ಪಾತ್ರಕ್ಕೆ ಅದು ಸುಮಾರು 0.03. ಮರಗಳು ಒತ್ತಾಗಿರುವ ನೆರೆ ಬಯಲಿಗೆ 0.1 ಅಥವಾ ಇನ್ನೂ ಹೆಚ್ಚು. ಅಂದರೆ ಅಷ್ಟೇ ಆಳ, ಅಷ್ಟೇ ಇಳಿಜಾರು ಇದ್ದರೂ ತೋಟದೊಳಗೆ ನುಗ್ಗಿದ ನೀರು ಹೊಳೆಯ ನಡುವಿನ ನೀರಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ವೇಗದಲ್ಲಿ ಚಲಿಸುತ್ತದೆ. ಅಡಿಕೆ ತೋಟದಲ್ಲಿ ನೆರೆ ಇಳಿದ ಮೇಲೆ ಕಾಲು ಹುಗಿಯುವಷ್ಟು ಗೋಡು ಉಳಿಯುವುದು ಏಕೆಂದು ಇದರಲ್ಲೇ ತಿಳಿಯುತ್ತದೆ. ನಿಧಾನವಾದ ನೀರು ಹೊತ್ತದ್ದನ್ನು ಕೆಳಗಿಡುತ್ತದೆ. ಅದೇ ಸೂತ್ರ ಇನ್ನೊಂದನ್ನೂ ಹೇಳುತ್ತದೆ. ಅಗಲವಾದ ಪಾತ್ರದಲ್ಲಿ ಆಳ ಎರಡು ಪಟ್ಟಾದರೆ ಹರಿವು ಎರಡು ಪಟ್ಟಾಗುವುದಿಲ್ಲ, ಸುಮಾರು 3.2 ಪಟ್ಟಾಗುತ್ತದೆ. ಹಾಗಾಗಿ ಹೊಳೆ ಕಳೆದ ಸಲಕ್ಕಿಂತ ಒಂದು ಮೀಟರ್ ಹೆಚ್ಚು ಏರಿತು ಎಂಬ ಮಾತಿನ ಹಿಂದೆ ನಾವು ಊಹಿಸುವುದಕ್ಕಿಂತ ಬಹಳ ಹೆಚ್ಚು ನೀರಿರುತ್ತದೆ.

ಈ ಒರಟುತನದ ಸಂಖ್ಯೆಯನ್ನು ಯಾವ ಸಿದ್ಧಾಂತವೂ ಹೇಳಿಕೊಡುವುದಿಲ್ಲ. ಪುಸ್ತಕದ ಕೋಷ್ಟಕದಿಂದ ಒಂದು ಅಂದಾಜು ಹಿಡಿದು ಶುರುಮಾಡಿ, ನಿಜವಾಗಿ ಬಂದ ನೆರೆಯೊಂದಿಗೆ ತಾಳೆ ನೋಡಿ ತಿದ್ದಬೇಕು. ಮರಳು ತೆಗೆದ ಕಡೆ, ಹೊಸ ಸೇತುವೆ ಕಂಬ ಬಂದ ಕಡೆ, ದಂಡೆ ಕುಸಿದ ಕಡೆ ಅದು ಬದಲಾಗಿರುತ್ತದೆ. ಒಂದು ಹೊಳೆಯ ಮಾದರಿಯನ್ನು ಹಾಗೆಯೇ ಎತ್ತಿ ಇನ್ನೊಂದಕ್ಕೆ ಹಚ್ಚಲು ಬರುವುದಿಲ್ಲ. ಸಮೀಕರಣ ಎಲ್ಲ ಹೊಳೆಗಳಿಗೂ ಒಂದೇ; ಸಂಖ್ಯೆಗಳು ಆಯಾ ಊರಿನವು.

ಕೆಳಗಿನ ತುದಿಯಲ್ಲಿ ಸಮುದ್ರವಿದೆ. ಗಣಿತದವರು ಇದನ್ನು ಗಡಿಯ ಷರತ್ತು ಎನ್ನುತ್ತಾರೆ. ಹೊಳೆಯ ಸಮೀಕರಣವನ್ನು ಬಿಡಿಸುವ ಮೊದಲು ಎರಡೂ ತುದಿಗಳಲ್ಲಿ ಏನು ನಡೆಯುತ್ತಿದೆ ಎಂದು ಹೇಳಬೇಕು. ಮೇಲ್ತುದಿಯಲ್ಲಿ ಘಟ್ಟದ ಮಳೆ, ಕೆಳತುದಿಯಲ್ಲಿ ಉಬ್ಬರ ಇಳಿತ. ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕಾರವಾರ ತೀರದ ಏರಿಳಿತ ಸುಮಾರು ಎರಡು ಮೀಟರ್, ಅಷ್ಟಮಿಯ ಹೊತ್ತಿಗೆ ಅದಕ್ಕಿಂತ ಸಾಕಷ್ಟು ಕಡಿಮೆ. ನೆರೆಯ ನೀರು ಅಳಿವೆಗೆ ಬರುವ ಹೊತ್ತಿಗೆ ಸಮುದ್ರ ಏರಿದ್ದರೆ ಹೊಳೆಗೆ ಸಿಗುವ ಇಳಿಜಾರು ಕಡಿಮೆಯಾಗಿ, ತಗ್ಗಿನ ಊರುಗಳಲ್ಲಿ ನೀರು ನಿಲ್ಲುತ್ತದೆ. ಪಂಚಾಂಗ ತೆಗೆದು ನೋಡಿದರೆ 2019ರ ಆಗಸ್ಟ್ ನೆರೆ ನಾಗರ ಪಂಚಮಿ ಕಳೆದು ಅಷ್ಟಮಿಯ ಸುತ್ತ ಬಂದದ್ದು. 2021ರ ಜುಲೈ ನೆರೆ ಗುರುಪೂರ್ಣಿಮೆಗೆ ಒಂದೆರಡು ದಿನ ಮೊದಲು. ಒಂದಕ್ಕೆ ಸಣ್ಣ ಉಬ್ಬರ, ಇನ್ನೊಂದಕ್ಕೆ ದೊಡ್ಡ ಉಬ್ಬರ. ಎರಡರಲ್ಲೂ ಮಳೆಯ ಪಾಲು ಎಷ್ಟು, ಸಮುದ್ರದ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳುವ ಕೆಲಸವನ್ನು ಮಾದರಿ ಮಾಡಬಲ್ಲದು. ಕಂಪ್ಯೂಟರಿನಲ್ಲಿ ಅದೇ ಮಳೆಯನ್ನು ಬಿಟ್ಟು ಉಬ್ಬರವನ್ನು ಮಾತ್ರ ಬದಲಿಸಿ ನೋಡಿದರಾಯಿತು. ನಿಜವಾದ ಹೊಳೆಯಲ್ಲಿ ಅಂಥ ಪ್ರಯೋಗ ಯಾರಿಗೂ ಸಾಧ್ಯವಿಲ್ಲ.

ಇಷ್ಟು ಗಣಿತ ಕೈಯಲ್ಲಿದ್ದೂ ನೆರೆ ಏಕೆ ನಮ್ಮನ್ನು ಪ್ರತಿಸಲ ತಬ್ಬಿಬ್ಬು ಮಾಡುತ್ತದೆ? ಇದಕ್ಕೆ ಉತ್ತರವೂ ಸಮೀಕರಣಗಳ ಸ್ವಭಾವದಲ್ಲೇ ಇದೆ, ಮತ್ತು ನನಗೆ ಇಡೀ ವಿಷಯದಲ್ಲಿ ಅತಿ ಮುಖ್ಯವೆನಿಸುವುದು ಇದು. ನಮ್ಮ ಹಳ್ಳಕ್ಕೆ ಮರಳಿ ಬನ್ನಿ. ಲೆಕ್ಕ ಶುರುಮಾಡುವಾಗ ಹರಿವನ್ನು ತಪ್ಪಾಗಿ ಹಿಡಿದೆವು, 20 ಇದ್ದದ್ದನ್ನು 50 ಎಂದುಕೊಂಡೆವು ಎನ್ನಿ. ತಪ್ಪು 30. ಐದು ಗಂಟೆಯ ನಂತರ ಆ ತಪ್ಪು 11ಕ್ಕೆ ಇಳಿದಿರುತ್ತದೆ, ಹದಿನೈದು ಗಂಟೆಯ ನಂತರ ಒಂದೂವರೆಗೆ. ಹೊಳೆ ತನ್ನ ಹಿಂದಿನ ಸ್ಥಿತಿಯನ್ನು ಬೇಗ ಮರೆಯುತ್ತದೆ, ನಮ್ಮ ಅಂದಾಜಿನ ತಪ್ಪೂ ಅದರೊಂದಿಗೇ ಕರಗುತ್ತದೆ. ವಾತಾವರಣದ ಸಮೀಕರಣಗಳು ಹೀಗಲ್ಲ. ಅಲ್ಲಿ ಸಣ್ಣ ತಪ್ಪು ದಿನ ಕಳೆದಂತೆ ಬೆಳೆಯುತ್ತದೆ. ಎಡ್ವರ್ಡ್ ಲೊರೆಂಟ್ಸ್ 1963ರಲ್ಲಿ ಮೂರೇ ಸಮೀಕರಣಗಳಿಂದ ಅದನ್ನು ತೋರಿಸಿದ. ಹಾಗಾಗಿ ನಾಡಿದ್ದು ಯಲ್ಲಾಪುರದ ಯಾವ ಕಣಿವೆಯಲ್ಲಿ ಎಷ್ಟು ಮಳೆ ಎಂದು ಇಂದೇ ಖಚಿತವಾಗಿ ಹೇಳುವುದು ಕಷ್ಟ. ಬಿದ್ದಾದ ಮಳೆ ಎಷ್ಟು ಹೊತ್ತಿಗೆ ಹಿಲ್ಲೂರಿಗೆ ನೆರೆಯಾಗಿ ಬರುತ್ತದೆ ಎಂದು ಹೇಳುವುದು ಅಷ್ಟು ಕಷ್ಟವಲ್ಲ.

ಆದರೆ ಬಿದ್ದ ಮಳೆ ಎಷ್ಟೆಂದು ಗೊತ್ತಿರಬೇಕು. ಮಳೆಯ ಅಂಕಿಯಲ್ಲಿ ನೂರಕ್ಕೆ ಮೂವತ್ತು ತಪ್ಪಿದರೆ ನಮ್ಮ ಹಳ್ಳದ ಹರಿವಿನಲ್ಲೂ ನೂರಕ್ಕೆ ಮೂವತ್ತು ತಪ್ಪುತ್ತದೆ, ಮತ್ತು ಈ ತಪ್ಪು ಎಷ್ಟು ಗಂಟೆ ಕಾದರೂ ಕರಗುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ಇಂಥ ಜಾಲ ದೊಡ್ಡ ಸಾಧನೆ. ಆದರೂ ಘಟ್ಟದಲ್ಲಿ ಒಂದು ಗುಡ್ಡದ ಆಚೆ ಸುರಿದದ್ದು ಈಚೆ ಸುರಿಯುವುದಿಲ್ಲ, ಮತ್ತು ಮಳೆಮಾಪಕಗಳು ಊರಿನಲ್ಲಿರುತ್ತವೆ, ಕಾಡಿನ ನೆತ್ತಿಯಲ್ಲಿ ಅಲ್ಲ. ನೂರೈವತ್ತು ವರ್ಷದಿಂದ ನಮ್ಮ ಕೈಯಲ್ಲಿರುವ ಸಮೀಕರಣಗಳಿಗೆ ಈ ಕಣಿವೆಯಲ್ಲಿ ಕೊರತೆಯಾಗಿರುವುದು ಅಳತೆ.

ಮಾದರಿಯ ಮಿತಿಯನ್ನು ಇದೇ ಹೊಳೆ ಇನ್ನೊಂದು ರೀತಿಯಲ್ಲೂ ತೋರಿಸಿತು. 2024ರ ಜುಲೈ 16ರಂದು, ಪುನರ್ವಸು ಮಳೆಯ ನಡುವೆ, ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿಗಾಗಿ ಗುಡ್ಡ ಕಡಿದಿದ್ದ ಜಾಗ ಅದು. ಮಣ್ಣು ರಸ್ತೆಯನ್ನು ಹೂತು ಗಂಗಾವಳಿಗೆ ನುಗ್ಗಿತು, ಹೊಳೆಯ ನೀರು ಎದ್ದು ಎದುರು ದಂಡೆಯ ಉಳುವರೆಯ ಮನೆಗಳ ಮೇಲೆ ಬಿತ್ತು. ಹಲವರು ಜೀವ ಕಳೆದುಕೊಂಡರು. ಹೊಳೆಯ ಸೆಳೆತ ಮುಳುಗುಗಾರರನ್ನು ತಳಕ್ಕೆ ಇಳಿಯಲು ಬಿಡದೆ, ಕುಸಿತದಲ್ಲಿ ಹೊಳೆಗೆ ಬಿದ್ದು ಮುಳುಗಿದ್ದ ಒಂದು ಲಾರಿಯನ್ನು ಹೊರತೆಗೆಯಲು ಸೆಪ್ಟೆಂಬರ್ ಬರಬೇಕಾಯಿತು. ನಿಧಾನವಾಗಿ ಏರಿಳಿಯುವ ನೆರೆಗಾಗಿ ಕಟ್ಟಿದ ಯಾವ ಮಾದರಿಯೂ ಉಳುವರೆಗೆ ಬಡಿದ ಆ ಅಲೆಯನ್ನು ಹೇಳುತ್ತಿರಲಿಲ್ಲ. ಗುಡ್ಡದ ಲೆಕ್ಕವೇ ಬೇರೆ.

ಗುಡ್ಡದ ಒಳಗೆ ನಡೆಯುವುದು ನೀರಿನ ಒತ್ತಡದ ವಿಸರಣೆ. ಮಳೆ ನೀರು ಮಣ್ಣಿನ ರಂಧ್ರಗಳಲ್ಲಿ ಇಳಿದು ಒತ್ತಡ ಏರಿಸುತ್ತದೆ, ಒತ್ತಡ ಏರಿದಷ್ಟೂ ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಮಣ್ಣಿನೊಳಗಿನ ನೀರಿನ ಒತ್ತಡದ ಲೆಕ್ಕವನ್ನು 1925ರಲ್ಲಿ ಶಾಸ್ತ್ರವಾಗಿಸಿದವರು ಕಾರ್ಲ್ ಟೆರ್ಜಾಘಿ. ಅವರು ಬಳಸಿದ ಸಮೀಕರಣ, ಫೂರಿಯೆ 1822ರಲ್ಲಿ ಲೋಹದಲ್ಲಿ ಶಾಖ ಹರಡುವುದಕ್ಕೆ ಬರೆದದ್ದೇ. ಅದರ ಗುಣ ಒಂದು: ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಒತ್ತಡ ಒಂದು ಮೀಟರ್ ಆಳಕ್ಕೆ ತಲುಪಲು ಒಂದು ದಿನ ಹಿಡಿದರೆ ಐದು ಮೀಟರಿಗೆ 25 ದಿನ. ಮಳೆ ಬಿಟ್ಟು ಬಿಸಿಲು ಬಂದ ದಿನವೂ ಗುಡ್ಡ ಜಾರಬಹುದು ಎಂಬುದಕ್ಕೆ ಕಾರಣ ಇಲ್ಲಿದೆ. ಬಿರುಕು ಬಿಟ್ಟ ಜಂಬಿಟ್ಟಿಗೆಯಲ್ಲಿ ನೀರು ಇದಕ್ಕಿಂತ ಎಷ್ಟೋ ಬೇಗ ಇಳಿಯುತ್ತದೆ, ಜಿಗುಟು ಮಣ್ಣಿನಲ್ಲಿ ಎಷ್ಟೋ ನಿಧಾನ. ಕಡಿದ ಗುಡ್ಡದ ಒಳಗೆ ಒತ್ತಡ ಅಳೆಯುವ ಕೊಳವೆಗಳನ್ನು ಇಳಿಸದೆ ಆ ಸಂಖ್ಯೆ ಸಿಗುವುದಿಲ್ಲ. ಹೆದ್ದಾರಿಗೆ ಗುಡ್ಡ ಕಡಿಯುವ ಪ್ರತಿ ಕಡೆಯೂ ಆ ಅಳತೆ ಇರಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಗುಡ್ಡದ ಅಳತೆ ಎಂಜಿನಿಯರುಗಳ ಕೆಲಸ. ಹೊಳೆಯ ಅಳತೆಯಲ್ಲಿ ಊರಿನವರೂ ಮಾಡಬಹುದಾದದ್ದು ಬಹಳವಿದೆ. ಹೊಳೆ ಏರುವುದನ್ನು ಎಲ್ಲರೂ ನೋಡುತ್ತಾರೆ. ಮಾದರಿಗೆ ಬೇಕಾದ ಗುಟ್ಟು ಹೊಳೆ ಇಳಿಯುವುದರಲ್ಲಿದೆ. ಮಳೆ ನಿಂತ ಮೇಲೆ ಹೊಳೆ ಇಳಿಯುವ ರೀತಿ ಆ ಕಣಿವೆಯ ಸ್ವಭಾವವನ್ನು ಮಾತ್ರ ಹೇಳುತ್ತದೆ. ತಳದಿಂದ ನೀರಿನ ಆಳ ನಾಲ್ಕು ಮೀಟರಿನಿಂದ ಎರಡು ಮೀಟರಿಗೆ ಇಳಿಯಲು ಹತ್ತು ಗಂಟೆ ಹಿಡಿಯಿತು ಎನ್ನಿ. ಆಳ ಅರ್ಧವಾದರೆ ಹರಿವು 3.2ರಲ್ಲಿ ಒಂದು ಪಾಲಾಗುತ್ತದೆ ಎಂದು ಮ್ಯಾನಿಂಗ್ ಸೂತ್ರ ಹೇಳಿದೆ. ಅದರಿಂದ ಹರಿವು ಅರ್ಧವಾಗಲು ಬೇಕಾದ ಹೊತ್ತು ಆರು ಗಂಟೆ ಎಂದು ಹೊರಡುತ್ತದೆ. ನಮ್ಮ ಹಳ್ಳದ ಲೆಕ್ಕದಲ್ಲಿ ಐದು ಗಂಟೆ ಎಂದು ಸುಮ್ಮನೆ ಹಿಡಿದಿದ್ದೆವಲ್ಲ, ಆ ಜಾಗಕ್ಕೆ ಈಗ, ಅರ್ಧವಾಗುವ ಈ ಹೊತ್ತಿನಿಂದ ಕಲನಶಾಸ್ತ್ರದ ಲೆಕ್ಕದಂತೆ, ನಿಜವಾದ ಸಂಖ್ಯೆ ಬರುತ್ತದೆ: ಸುಮಾರು 8.7 ಗಂಟೆ. ಒಂದು ಗಡಿಯಾರ, ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ಕಿನಿಂದ ಬಂದ ಸಂಖ್ಯೆ ಇದು. ಹತ್ತು ನೆರೆಗಳ ಸಂಖ್ಯೆ ಕೂಡಿದರೆ ಯಾವ ವಿಶ್ವವಿದ್ಯಾಲಯದ ಸಂಶೋಧಕರೂ ಅದನ್ನು ಕೈಚಾಚಿ ಪಡೆಯುತ್ತಾರೆ.

ಗಂಗಾವಳಿ ಕಣಿವೆಯ ಶಾಲೆ, ಕಾಲೇಜುಗಳ ವಿಜ್ಞಾನ ಶಿಕ್ಷಕರಲ್ಲಿ, ಪಂಚಾಯಿತಿ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟು. ಮಳೆಗಾಲಕ್ಕೆ ಮೊದಲು ಊರಿನ ಸೇತುವೆಯ ಕಂಬದ ಮೇಲೆ ಹತ್ತು ಸೆಂಟಿಮೀಟರಿಗೊಂದು ಗೆರೆಯಂತೆ ಬಣ್ಣದ ಅಳತೆ ಬರೆಸಿ. ಸೊನ್ನೆ ಗೆರೆ ಹೊಳೆಯ ತಳದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಬೇಸಿಗೆಯಲ್ಲೇ ಅಳೆದು ದಾಖಲಿಸಿ. 2019ರ ಮತ್ತು 2021ರ ನೆರೆ ಮುಟ್ಟಿದ ಎತ್ತರವನ್ನು ನೆನಪಿರುವವರಿಂದ ಕೇಳಿ, ಗೋಡೆಗಳ ಮೇಲೆ ಗುರುತು ಹಾಕಿಸಿ. ಹೊಳೆ ಏರುವಾಗ, ಅದಕ್ಕಿಂತ ಮುಖ್ಯವಾಗಿ ಇಳಿಯುವಾಗ, ಸುರಕ್ಷಿತವಾದ ದೂರದಿಂದ ಗಂಟೆಗೊಮ್ಮೆ ಮಟ್ಟ ಓದಿ, ದಿನಾಂಕ ಮತ್ತು ಸಮಯದೊಂದಿಗೆ ಬರೆದಿಡಿ. ಮೇಲಿನ ಊರಿನವರು ಬರೆದದ್ದನ್ನು ಅದೇ ಗಂಟೆ ಕೆಳಗಿನ ಊರಿನವರಿಗೆ ಫೋನಿನಲ್ಲಿ ಕಳಿಸಿ.